ಯಾರದೋ ಎದೆಯ ಗೆರೆ

ನಮ್ಮ ಮಂಜುಶ್ರೀಯಷ್ಟು ಹೆದರುವ ಇನ್ನೊಬ್ಬ ಹೆಂಗಸನ್ನು ನಾನು ಯಲಹಂಕದಲ್ಲಿ ಕಂಡಿಲ್ಲ. ಗ್ಯಾಸ್ ಆರಿಸಿ, ಬೀಗ ಹಾಕಿ, ಬೀಗ ಎಳೆದು ನೋಡಿ, ಬಸ್ ಸ್ಟಾಪಿಗೆ ಬಂದವಳು ಮತ್ತೆ ಮನೆಗೆ ಹೋಗಿ ಗ್ಯಾಸ್ ಮುಟ್ಟಿ ಬರುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಯಾರೂ ಏನೂ ಅನ್ನದಿದ್ದರೂ ಹೆಗಲು ಮುಟ್ಟಿಕೊಳ್ಳುವವಳು. ಅವಳ ಜೊತೆ ಒಂದು ಸಿನಿಮಾಕ್ಕೆ ಹೋಗಿ ಬರುವುದರೊಳಗೆ ನನಗೆ ತಲೆ ಕೆಟ್ಟುಹೋಗುತ್ತದೆ. ಆದರೂ ನನಗೆ ಅವಳನ್ನು ಕಂಡರೆ ಪ್ರೀತಿ.

ನಾನು ರಾಣಿ. ಹಳೇ ಪೇಟೆಯಲ್ಲಿ ಡಾಕ್ಟರ್ ಶರತ್ ಅವರ ಕ್ಲಿನಿಕ್ಕಿಗೆ ಅಂಟಿಕೊಂಡಿರುವ ಮೆಡಿಕಲ್ ಸ್ಟೋರ್ ನನ್ನದು. ಕ್ಲಿನಿಕ್ಕಿನ ಒಳಕೋಣೆಯಲ್ಲಿ ಇಸಿಜಿ ತೆಗೆಯುವವಳು ಮಂಜುಶ್ರೀ. ಶೆಟ್ಟಿಹಳ್ಳಿಯ ಹುಡುಗಿ. ಅವಳಪ್ಪನ ಹೊಲವೆಲ್ಲ ಸೈಟುಗಳಾದ ಮೇಲೆ ಮನೆಯಲ್ಲಿ ಕೂತು ಏನು ಮಾಡಲಿ ಎಂದು ಆ ಕೋರ್ಸು ಕಲಿತಳಂತೆ. ಮದುವೆಯಾಗಿ ಯಲಹಂಕಕ್ಕೆ ಬಂದಳು, ಶರತ್ ಕೆಲಸ ಕೊಟ್ಟರು. ಎದೆಯ ಮೇಲೆ ತಂತಿ ಅಂಟಿಸುವುದು, ಕಾಗದದ ಮೇಲೆ ಗೆರೆ ಬರಿಸುವುದು ಅವಳಿಗೆ ಗೊತ್ತು. ಆ ಗೆರೆ ಓದುವುದು ಗೊತ್ತಿಲ್ಲ. ಓದುವವರು ದೂರದ ಸಿಟಿಯಲ್ಲಿದ್ದ ಒಬ್ಬ ಹೃದಯದ ಡಾಕ್ಟರು. ಕಾಗದವನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿನಲ್ಲಿ ಅವರಿಗೆ ಕಳಿಸಬೇಕು. ಅವರು ನೋಡಿ ಉತ್ತರ ಹಾಕುತ್ತಾರೆ. ಅದನ್ನು ಇಳಿಸಿಕೊಂಡು ಪ್ರಿಂಟ್ ತೆಗೆದು ರೋಗಿಯ ಕೈಗೆ ಕೊಡಬೇಕು.

ನಮ್ಮ ಕ್ಲಿನಿಕ್ಕಿನ ಹಳೇ ಕಂಪ್ಯೂಟರಿನಲ್ಲಿ ಆ ಡಾಕ್ಟರರ ವೆಬ್‌ಸೈಟ್ ತೆರೆದು ಕೂತರೆ ಚಕ್ರ ತಿರುಗುತ್ತಲೇ ಇರುತ್ತಿತ್ತು, ಫೈಲು ಮಾತ್ರ ಹೋಗುತ್ತಿರಲಿಲ್ಲ. ಅದಕ್ಕೆ ಹೆಬ್ಬಾಳದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಅವಳ ಮೈದುನ ನಂದಕುಮಾರ್ ಒಂದು ಉಪಾಯ ಮಾಡಿಕೊಟ್ಟ. ಸ್ಕ್ರೀನಿನಲ್ಲಿ ಒಂದು ಕಪ್ಪು ಕಿಟಕಿ. ಅದರಲ್ಲಿ ರೋಗಿಯ ಹೆಸರು, ವಯಸ್ಸು ಟೈಪ್ ಮಾಡಿದರೆ ಸಾಕು. ನಂದಕುಮಾರ್ ಬರೆದಿಟ್ಟ ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಸ್ಕ್ಯಾನಿನ ಫೋಲ್ಡರಿಗೆ ಹೋಗಿ, ತಾರೀಖಿನಲ್ಲಿ ಎಲ್ಲಕ್ಕಿಂತ ಈಚಿನ ಫೈಲನ್ನು ತೆಗೆದುಕೊಂಡು, ಆ ಹೆಸರಿಗೆ ಕಟ್ಟಿ ಕಳಿಸುತ್ತಿತ್ತು. ಉತ್ತರ ಬಂದರೆ ಅದೇ ಇಳಿಸುತ್ತಿತ್ತು. ಶರತ್ ಅವರಿಗೆ ಖುಷಿಯೋ ಖುಷಿ. ಮಂಜುಶ್ರೀಗೆ ಭಯ.

ಭಯಕ್ಕೆ ಕಾರಣ ಇರಲಿಲ್ಲ ಎನ್ನಲಾರೆ. ಒಮ್ಮೆ ಆ ಕಪ್ಪು ಕಿಟಕಿ ಎಲ್ಲ ಹೋಯಿತು ಎಂದು ತೋರಿಸಿತು, ಅಲ್ಲಿ ನೋಡಿದರೆ ಬರೀ ಖಾಲಿ ಫೈಲು ಹೋಗಿತ್ತು. ಇನ್ನೊಮ್ಮೆ ಉತ್ತರ ಎಂದು ಇಳಿದದ್ದು ಉತ್ತರವೇ ಅಲ್ಲ, ಪಾಸ್‌ವರ್ಡ್ ಕೇಳುವ ಪುಟವೊಂದು ಉತ್ತರದ ಹೆಸರು ಹೊತ್ತುಕೊಂಡು ಬಂದಿತ್ತು. ಆಮೇಲಿಂದ ಮಂಜುಶ್ರೀ ತನಗೆ ತಾನೇ ಒಂದು ಕಟ್ಟುಪಾಡು ಮಾಡಿಕೊಂಡಳು. ಕಳಿಸಿದ ಫೈಲನ್ನು ಅಲ್ಲಿಂದ ವಾಪಸ್ ಇಳಿಸಿ, ತೆರೆದು, ಕಣ್ಣಾರೆ ನೋಡುವವರೆಗೆ ಕುರ್ಚಿಯಿಂದ ಏಳುತ್ತಿರಲಿಲ್ಲ. ಹೊರಗೆ ಜನ ಗೊಣಗುತ್ತಿದ್ದರು. ಹೋದ ಮಗಳನ್ನು ಗಂಡನ ಮನೆಯಿಂದ ದಿನಾ ಕರೆಸಿ ನೋಡುವ ತಾಯಿ ನೀನು ಎಂದು ನಾನು ಛೇಡಿಸುತ್ತಿದ್ದೆ.

2011ರ ಆಯುಧಪೂಜೆ. ಸಂಜೆ ಕ್ಲಿನಿಕ್ಕಿನ ಯಂತ್ರಗಳೆಲ್ಲ ಅರಿಸಿನ ಕುಂಕುಮ ಹಚ್ಚಿಸಿಕೊಂಡವು. ಬಿಪಿ ನೋಡುವ ಪಟ್ಟಿಗೂ ಒಂದು ಬೊಟ್ಟು. ನಮ್ಮಲ್ಲಿ ಆ ದಿನ ಆಯುಧಕ್ಕೆ ರಜೆ, ಪೂಜೆಯಾದ ಮೇಲೆ ಮುಟ್ಟುವಂತಿಲ್ಲ. ಹಗಲಿರುಳು ಉರಿಯುತ್ತಲೇ ಇರುತ್ತಿದ್ದ ಕಂಪ್ಯೂಟರನ್ನು ಆರಿಸಿ, ಯುಪಿಎಸ್ಸನ್ನೂ ಆರಿಸಿ, ಪ್ಲಗ್ ಕಿತ್ತು, ಮಾನಿಟರಿಗೆ ಸೇವಂತಿಗೆ ಹಾರ ಹಾಕಿದ್ದು ನಾನೇ. ಹಾರ ಉದ್ದವಾಗಿತ್ತು, ಒಂದು ತುದಿ ಸ್ಕ್ರೀನಿನ ಬಲಗಡೆಯ ಕೆಳಮೂಲೆಯ ಮೇಲೆ ಇಳಿಬಿದ್ದಿತ್ತು. ಬಾಗಿಲಲ್ಲಿ ಬೂದುಗುಂಬಳ ಒಡೆದು, ಚುರುಮುರಿ ಹಂಚಿ, ಎಲ್ಲರೂ ಮನೆಗೆ ಹೋದೆವು.

ಮಾರನೆಯ ದಿನ ವಿಜಯದಶಮಿ. ಕ್ಲಿನಿಕ್ಕು ಅರ್ಧ ದಿನ. ಶರತ್ ತಮ್ಮ ಮನೆಯ ಪೂಜೆಯಲ್ಲಿದ್ದರು, ಏನಿದ್ದರೂ ಫೋನ್ ಮಾಡಿ ಎಂದಿದ್ದರು. ಮಂಜುಶ್ರೀ ಕಂಪ್ಯೂಟರ್ ಹಾಕಿದಾಗ ಅದು ನೇರವಾಗಿ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬಂದು, ಮುಂದುವರಿಯಲು ಇಂಥ ಕೀ ಒತ್ತಿ ಎಂದಿತು. ಎಂದೂ ಮಲಗದ್ದು ರಾತ್ರಿಯೆಲ್ಲ ಮಲಗಿತ್ತಲ್ಲ, ಅದಕ್ಕೆ ಹೀಗೆ ಎಂದುಕೊಂಡು ಅವಳು ಒತ್ತಿದಳು. ಹಾರವನ್ನು ಮುಟ್ಟಲಿಲ್ಲ. ಪೂಜೆಯ ಹೂವನ್ನು ಬಾಡುವ ಮೊದಲೇ ಯಾರು ತೆಗೆಯುತ್ತಾರೆ?

ಮೊದಲು ಬಂದವರು ಕೋಗಿಲಿನ ವೆಂಕಟೇಶಪ್ಪ, ಜೊತೆಗೆ ಹೆಂಡತಿ ವರಲಕ್ಷ್ಮಮ್ಮ. ಹಳೇ ಊರಿನ ಮನೆತನ. ಜಮೀನು ಹೋಗಿ, ಬೋರ್‌ವೆಲ್ ಉಳಿದು, ಈಗ ಲೇಔಟುಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದರು. ಬೆಳಗಿನಿಂದ ಎದೆಯಲ್ಲಿ ಉರಿ, ಹಬ್ಬದ ಒಬ್ಬಟ್ಟು ಜಾಸ್ತಿಯಾಯಿತು ಎಂದು ಅವರೇ ತೀರ್ಮಾನ ಹೇಳಿಬಿಟ್ಟರು. ಬಲವಂತದಿಂದ ಕರೆತಂದವರು ವರಲಕ್ಷ್ಮಮ್ಮ. ಮಂಜುಶ್ರೀ ಇಸಿಜಿ ತೆಗೆದಳು, ಸ್ಕ್ಯಾನ್ ಮಾಡಿದಳು, ಹೆಸರು ಒತ್ತಿ ಕಳಿಸಿದಳು. ಎಂದಿನಂತೆ ವಾಪಸ್ ಇಳಿಸಿ ನೋಡಲು ಕೂತಳು. ಅವತ್ತು ಲೈನು ಸತ್ತಂತೆ ಇತ್ತು. ಚಿತ್ರದ ಮೇಲಿನ ಅರ್ಧ ಬಂದು, ಕೆಳಗೆಲ್ಲ ಬೂದು ಬಣ್ಣವಾಗಿ ನಿಂತಿತು. ಮತ್ತೊಮ್ಮೆ ಪ್ರಯತ್ನಿಸಿದಳು, ಮತ್ತೆ ಅರ್ಧವೇ. ಇತ್ತ ವೆಂಕಟೇಶಪ್ಪನವರ ಫೋನು ನೀರಿಗಾಗಿ ಬಡಿದುಕೊಳ್ಳುತ್ತಿತ್ತು. ಅಷ್ಟರಲ್ಲಿ ಉತ್ತರವೂ ಬಂತು. ಹೆಸರು ವೆಂಕಟೇಶಪ್ಪ, ಎಲ್ಲ ನಾರ್ಮಲ್. ಶರತ್ ಅವರಿಗೆ ಫೋನಿನಲ್ಲಿ ಓದಿ ಹೇಳಿದಳು. ಹಾಗಾದರೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿ ಎಂದರು. ಮಾತ್ರೆ ಕೊಟ್ಟವಳು ನಾನು. ಅರ್ಧ ಚಿತ್ರ ನೋಡಿದ ಅಳುಕು ಮಂಜುಶ್ರೀಯ ಮುಖದಲ್ಲಿ ಇನ್ನೂ ಇತ್ತು, ಆದರೆ ಅವಳ ಮುಖದಲ್ಲಿ ಅಳುಕು ಇಲ್ಲದ ದಿನ ಯಾವುದು?

ಆಮೇಲೆ ಬಂದವರು ಗೋಪಾಲಮ್ಮ. ಅವರ ಹೃದಯ ತಾಳ ತಪ್ಪಿ ಬಡಿಯುವುದು ನಮಗೆಲ್ಲ ವರ್ಷಗಳಿಂದ ಗೊತ್ತು. ಎಷ್ಟು ಸಲ ಇಸಿಜಿ ತೆಗೆದರೂ ಅದೇ ಉತ್ತರ, ಅದೇ ಮಾತ್ರೆ. ಅವತ್ತು ಉತ್ತರ ಬಂತು, ಎಲ್ಲ ನಾರ್ಮಲ್. ಗೋಪಾಲಮ್ಮನಿಗೆ ಸಂತೋಷ ತಡೆಯಲಿಲ್ಲ. ನವರಾತ್ರಿಯೆಲ್ಲ ದೀಪ ಹಚ್ಚಿದ್ದಕ್ಕೆ ದೇವಿ ಕಣ್ಣುಬಿಟ್ಟಳು ಎಂದು ಕೆನ್ನೆ ಬಡಿದುಕೊಂಡರು.

ನಾನೂ ನಕ್ಕೆ. ನಗುತ್ತ ಮಂಜುಶ್ರೀಯ ಕಡೆ ತಿರುಗಿದರೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಕಳಿಸಿದ ಚಿತ್ರವನ್ನು ವಾಪಸ್ ಇಳಿಸಲು ಕೂತಳು. ಈ ಸಲ ಲೈನು ಕೊಟ್ಟಿತು, ಚಿತ್ರ ಪೂರ್ತಿ ಬಂತು. ಕೆಳಗಿನ ಮೂಲೆಯಲ್ಲಿ ಅವಳದೇ ಕೈಬರಹ. ಹಬ್ಬದ ಹಿಂದಿನ ದಿನ ಕೆಲಸಕ್ಕೆ ಸೇರಲು ಫಿಟ್‌ನೆಸ್ ಸರ್ಟಿಫಿಕೇಟಿಗೆಂದು ಬಂದಿದ್ದ ಒಬ್ಬ ಗಟ್ಟಿಮುಟ್ಟಾದ ಯುವಕನ ಹೆಸರು. ವೆಂಕಟೇಶಪ್ಪನವರ ಚಿತ್ರ ಬೂದಾಗಿ ನಿಂತಿದ್ದ ಜಾಗವೇ ಅದು.

ಸ್ಕ್ಯಾನಿನ ಫೋಲ್ಡರ್ ತೆರೆದಳು. ಬೆಳಿಗ್ಗೆ ತೆಗೆದ ಎರಡು ಫೈಲುಗಳೂ ಎಲ್ಲಕ್ಕಿಂತ ಕೆಳಗೆ, ಯಾವುದೋ ಓಬೀರಾಯನ ಕಾಲದ ತಾರೀಖು ಹಾಕಿಕೊಂಡು ಕೂತಿದ್ದವು. ಮಂಜುಶ್ರೀ ಕೈ ಚಾಚಿ ಸ್ಕ್ರೀನಿನ ಮೂಲೆಯ ಹೂವನ್ನು ಎತ್ತಿದಳು. ಅಲ್ಲಿ ಗಡಿಯಾರ ನಡುರಾತ್ರಿ ತೋರಿಸುತ್ತಿತ್ತು. ಕಂಪ್ಯೂಟರಿನ ಒಳಗೆ ತಾರೀಖು ನೆನಪಿಟ್ಟುಕೊಳ್ಳಲು ಒಂದು ಪುಟ್ಟ ಬ್ಯಾಟರಿ ಇರುತ್ತದಂತೆ. ಅದು ಎಂದೋ ಸತ್ತಿತ್ತು. ಕರೆಂಟು ಸದಾ ಇದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ನಾವು ಪ್ಲಗ್ ಕಿತ್ತು ಪೂಜೆ ಮಾಡಿದೆವು, ಅದು ವರ್ಷಗಟ್ಟಲೆ ಹಿಂದಕ್ಕೆ ಹೋಗಿ ಎದ್ದಿತು. ಇವತ್ತಿನ ಫೈಲು ಸ್ಕ್ರಿಪ್ಟಿನ ಕಣ್ಣಿಗೆ ಹಳೆಯದಾಗಿ, ಹಬ್ಬದ ಹಿಂದಿನದು ಹೊಸದಾಗಿ ಕಂಡಿತ್ತು.

"ರಾಣಿ ಅಕ್ಕ, ವೆಂಕಟೇಶಣ್ಣನ ಇಸಿಜಿ ಹೋಗೇ ಇಲ್ಲ. ಆ ನಾರ್ಮಲ್ ಅವರದಲ್ಲ" ಎಂದಳು.

ನಾನು ಕೊಟ್ಟ ಗ್ಯಾಸಿನ ಮಾತ್ರೆ ನೆನಪಾಯಿತು.

ಸ್ಕ್ರಿಪ್ಟನ್ನು ನಂಬುವ ಹಾಗಿರಲಿಲ್ಲ. ನಂದಕುಮಾರನಿಗೆ ಫೋನ್ ಮಾಡಿದರೆ ಹಬ್ಬದ ದಿನ ಲೈನೇ ಸಿಗಲಿಲ್ಲ. ಹೆದರುವವರ ಮೇಲೆ ಹಾವು ಎಸೆದರು ಎನ್ನುವಂತಾಯಿತು. ಮಂಜುಶ್ರೀ ಸ್ಕ್ರಿಪ್ಟಿನ ಫೈಲು ತೆರೆದು, ಅದರಲ್ಲಿದ್ದುದನ್ನು ನೋಡಿಕೊಂಡು ಕಪ್ಪು ಕಿಟಕಿಯಲ್ಲಿ ಇಡೀ ಸಾಲನ್ನು ಕೈಯಾರೆ ಹೊಡೆಯಲು ಶುರುಮಾಡಿದಳು. ಎಲ್ಲಿಗೆ ಕಳಿಸಬೇಕು, ಯಾವ ಹೆಸರಿಗೆ, ಯಾವ ಫೈಲು. ಅಕ್ಷರ ತಪ್ಪುತ್ತಿತ್ತು, ಅಳಿಸಿ ಮತ್ತೆ ಹೊಡೆಯುತ್ತಿದ್ದಳು. ಅಂಥ ಫೈಲೇ ಇಲ್ಲ ಎಂದಿತು ಕಂಪ್ಯೂಟರು. ಕಣ್ಣೆದುರಿಗೇ ಇರುವ ಫೈಲನ್ನು ಇಲ್ಲ ಎನ್ನುತ್ತದಲ್ಲ ಎಂದು ನನಗೆ ಅದನ್ನು ಎತ್ತಿ ಬೀದಿಗೆ ಹಾಕುವಷ್ಟು ಸಿಟ್ಟು ಬಂತು. ಅವಳು ತಾನು ಹೊಡೆದ ಸಾಲನ್ನು ಬೆರಳಿಟ್ಟು ಮತ್ತೆ ಓದಿದಳು. ಫೈಲಿನ ಹೆಸರಿನ ನಡುವೆ ಖಾಲಿ ಜಾಗವಿತ್ತು, ಅಲ್ಲಿಗೇ ಹೆಸರು ಮುಗಿಯಿತು ಎಂದು ಅದು ತಿಳಿದುಕೊಂಡಿತ್ತು. ಹೆಸರನ್ನು ಒಂದೇ ಪದ ಮಾಡಿ ಮತ್ತೆ ಕಳಿಸಿದಳು. ಹೋಯಿತು. ವಾಪಸ್ ಇಳಿಸಿದಳು. ವೆಂಕಟೇಶಪ್ಪನವರದೇ, ಪೂರ್ತಿ. ನನ್ನ ಜೀವಮಾನದಲ್ಲಿ ಮೊದಲ ಸಲ ಅವಳ ಆ ಚಟಕ್ಕೆ ನಾನು ಅಡ್ಡಿ ಹೇಳಲಿಲ್ಲ.

ಉತ್ತರ ಬೇಗ ಬಂತು. ಹಾರ್ಟ್ ಅಟ್ಯಾಕ್, ತಕ್ಷಣ ಆಸ್ಪತ್ರೆಗೆ ಸೇರಿಸಿ.

ವೆಂಕಟೇಶಪ್ಪನವರ ಫೋನು ಬಡಿದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಶರತ್ ಅವರಿಗೆ ಹೇಳಿದೆವು. ನಾನು ಹೆಬ್ಬಾಳದ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿಡುತ್ತೇನೆ, ನೀವು ಆಸ್ಪಿರಿನ್ ತೆಗೆದುಕೊಂಡು ಹೊರಡಿ, ಸಿಕ್ಕ ಕೂಡಲೇ ಅಗಿಸಿ ಎಂದರು. ಆಮೇಲೆ, ತಪ್ಪಾಯಿತು ಅಂತ ಹೇಳಲು ಹೋಗಬೇಡಿ, ಇನ್ನೊಂದು ಟೆಸ್ಟ್ ಆಗಬೇಕು ಅನ್ನಿ ಸಾಕು, ಜನ ಕ್ಲಿನಿಕ್ಕಿಗೆ ಕಲ್ಲು ಹೊಡೆಯುತ್ತಾರೆ ಎಂದರು. ಅವರನ್ನು ಬಯ್ಯಲಾರೆ, ನನಗೂ ಅದೇ ಭಯವಿತ್ತು. ಮಂಜುಶ್ರೀ ಹೂಂ ಎಂದಳು.

ಎದುರುಗಡೆ ಖಾದರ್ ಬಾಷಾನ ಆಟೋ ಇತ್ತು. ನಿನ್ನೆ ಕಟ್ಟಿದ ಬಾಳೆಕಂದು ಎರಡು ಕಡೆಯೂ ಹಾಗೇ ನಿಂತಿತ್ತು. ಕೋಗಿಲಿನ ಕಡೆ ಓಡಿಸುತ್ತಿದ್ದರೆ ಬಾಳೆ ಎಲೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಮಂಜುಶ್ರೀ ನನ್ನ ಕೈ ಹಿಡಿದಿದ್ದಳು. ಮನೆಯ ಮುಂದೆ ಶಾಮಿಯಾನ ಹಾಕಿದ್ದಾರಾ ನೋಡಿ ಅಕ್ಕ, ನನಗೆ ನೋಡಲು ಆಗಲ್ಲ ಎಂದಳು. ಶಾಮಿಯಾನ ಇರಲಿಲ್ಲ. ವರಲಕ್ಷ್ಮಮ್ಮ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಡ್ರೈವರ್ ಹಬ್ಬಕ್ಕೆ ಊರಿಗೆ ಹೋಗಿದ್ದಾನೆ, ಯಜಮಾನರೇ ಟ್ಯಾಂಕರ್ ತೆಗೆದುಕೊಂಡು ಲೇಔಟಿಗೆ ಹೋದರು ಎಂದರು.

ಅಂದರೆ ಆ ಎದೆ ಹೊತ್ತುಕೊಂಡು ಅವರು ತುಂಬಿದ ಟ್ಯಾಂಕರ್ ಓಡಿಸುತ್ತಿದ್ದರು. ರಸ್ತೆಯಲ್ಲಿ ಹಬ್ಬದ ಬಟ್ಟೆ ಹಾಕಿಕೊಂಡ ಮಕ್ಕಳು ಸೈಕಲ್ ತುಳಿಯುತ್ತಿದ್ದರು. ನಾನು ಮನಸ್ಸಿನಲ್ಲೇ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ವರಲಕ್ಷ್ಮಮ್ಮ ಏನು, ಯಾಕೆ ಎಂದು ಕೇಳುತ್ತಲೇ ಆಟೋ ಹತ್ತಿದರು. ಇನ್ನೊಂದು ಟೆಸ್ಟ್ ಆಗಬೇಕಂತೆ ಎಂದು ಮಂಜುಶ್ರೀ ಸಣ್ಣ ದನಿಯಲ್ಲಿ ಹೇಳಿದಳು.

ಒಂದು ಅಪಾರ್ಟ್‌ಮೆಂಟಿನ ಮುಂದೆ ಟ್ಯಾಂಕರ್ ನಿಂತಿತ್ತು, ಮೂತಿಗೆ ಚೆಂಡುಹೂವಿನ ಹಾರ. ವೆಂಕಟೇಶಪ್ಪ ಸಂಪಿನ ಪಕ್ಕದಲ್ಲಿ ಪೈಪು ಹಿಡಿದು ನಿಂತಿದ್ದರು. ಪಂಪಿನ ಸದ್ದಿಗೆ ಫೋನು ಕೇಳಿರಲಿಲ್ಲ. ಮುಖ ಸುಣ್ಣದಂತಾಗಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಆದರೂ ನಿಂತಿದ್ದರು. ಇನ್ನೊಂದು ಟೆಸ್ಟ್, ಈಗಲೇ ಹೆಬ್ಬಾಳಕ್ಕೆ ಹೋಗಬೇಕು ಎಂದು ಮಂಜುಶ್ರೀ ತೊದಲಿದಳು.

ಅವರು ಜೇಬಿನಿಂದ ಮಡಿಸಿದ ಕಾಗದ ತೆಗೆದು ಅವಳ ಮುಂದೆ ಹಿಡಿದರು. "ಏನೂ ಇಲ್ಲ ಅಂತ ನೀವೇ ಕಾಗ್ದ ಕೊಟ್ರಿ. ಈಗ ನೀವೇ ಬಂದು ಆಸ್ಪತ್ರೆಗೆ ಓಗು ಅಂತೀರಿ. ದೊಡ್ಡಾಸ್ಪತ್ರೆಯೋರು ನಿಮ್ಗೆ ಎಷ್ಟ್ ಕೊಡ್ತಾರಮ್ಮ?"

ವರಲಕ್ಷ್ಮಮ್ಮನೂ ನಮ್ಮನ್ನು ಅನುಮಾನದಿಂದ ನೋಡಿದರು. ಅಪಾರ್ಟ್‌ಮೆಂಟಿನ ಜನ ನಾಲ್ಕಾರು ಮಂದಿ ಗೇಟಿಗೆ ಬಂದು ನಿಂತರು. ಸಂಪು ತುಂಬುವವರೆಗೆ ಅಲ್ಲಾಡುವುದಿಲ್ಲ ಎಂದು ವೆಂಕಟೇಶಪ್ಪ ತಿರುಗಿ ನಿಂತರು. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಅಚ್ಚಾದ ಮಾತು ಇನ್ನೂ ಕೆಟ್ಟದ್ದು. ನಮ್ಮದೇ ಕಾಗದ ಅವರನ್ನು ಅಲ್ಲಿ ಹಿಡಿದು ನಿಲ್ಲಿಸಿತ್ತು. ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ.

ಮಂಜುಶ್ರೀ ಎಂದೂ ಜನರ ಮುಂದೆ ಗಟ್ಟಿಯಾಗಿ ಮಾತಾಡಿದವಳಲ್ಲ. ಅವಳು ಹೋಗಿ ಪಂಪಿನ ಸ್ವಿಚ್ ಆರಿಸಿದಳು. ಬೀದಿ ಒಮ್ಮೆಗೇ ಸ್ತಬ್ಧವಾಯಿತು.

"ಅಣ್ಣಾ, ಆ ಕಾಗದ ನಿಮ್ಮದಲ್ಲ. ನಾನು ಬೇರೆ ಯಾರದೋ ಇಸಿಜಿ ನಿಮ್ಮ ಹೆಸರಲ್ಲಿ ಕಳಿಸ್ಬಿಟ್ಟೆ. ತಪ್ಪು ನಂದು. ನಿಮಗೆ ಹಾರ್ಟ್ ಅಟ್ಯಾಕ್ ಆಗ್ತಾ ಇದೆ. ಆಮೇಲೆ ಹೊಡೀರಿ, ಬಯ್ಯಿರಿ, ಪೊಲೀಸಿಗೆ ಕೊಡಿ. ಈಗ ನಡೀರಿ."

ಅವಳ ಮೈಯೆಲ್ಲ ನಡುಗುತ್ತಿತ್ತು. ವೆಂಕಟೇಶಪ್ಪ ಕಾಗದ ನೋಡಿದರು, ಅವಳ ಮುಖ ನೋಡಿದರು. ಇಷ್ಟು ಹೆದರಿಕೊಂಡವಳು ಕಾಸಿಗಾಗಿ ಬಂದಿಲ್ಲ ಎಂದು ಅವರಿಗೆ ಹೊಳೆದಿರಬೇಕು. ಪೈಪು ಕೆಳಗಿಟ್ಟು, ನಾನು ಕೊಟ್ಟ ಆಸ್ಪಿರಿನ್ ಅಗಿಯುತ್ತ ಆಟೋ ಹತ್ತಿದರು. ಆಂಬುಲೆನ್ಸಿಗೆ ಫೋನ್ ಮಾಡಿದ್ದೆವು, ಅದು ಇನ್ನೂ ದೂರದಲ್ಲಿತ್ತು. ಕಾಯುವುದು ಬೇಡ ಎಂದ ಖಾದರ್. ಅವರನ್ನು ನಡುವೆ ಕೂರಿಸಿ ಒಂದು ಕಡೆ ವರಲಕ್ಷ್ಮಮ್ಮ, ಇನ್ನೊಂದು ಕಡೆ ಮಂಜುಶ್ರೀ ಕೂತರು. ನಾನು ಮುಂದೆ ಖಾದರ್ ಪಕ್ಕ ಒಂದು ಕಾಲು ಹೊರಗಿಟ್ಟು ಜೋತುಬಿದ್ದೆ.

ಬಳ್ಳಾರಿ ರಸ್ತೆಯಲ್ಲಿ ಮೇಲ್ಸೇತುವೆಯ ಕೆಲಸಕ್ಕೆ ಅಲ್ಲಲ್ಲಿ ಅಗೆದಿದ್ದರು. ಪ್ರತಿ ಹಳ್ಳಕ್ಕೂ ಖಾದರ್ ಮಾಫ್ ಕರೋ ಎಂದು ಗೊಣಗುತ್ತಿದ್ದ. ವರಲಕ್ಷ್ಮಮ್ಮ ಸೆರಗಿನಿಂದ ಗಂಡನ ಬೆವರು ಒರೆಸುತ್ತಿದ್ದರು. ಬಯ್ದಿದ್ದರೆ ಹಗುರಾಗುತ್ತಿತ್ತು. ಬ್ಯಾಟರಾಯನಪುರ ದಾಟಿದ ಮೇಲೆ ವೆಂಕಟೇಶಪ್ಪ ಮಾತಾಡಿದರು.

"ಅಂಗಾದ್ರೆ ಆ ನೆಟ್ಟಗಿರೋ ಎದೆ ಯಾರ್ದಮ್ಮಣ್ಣಿ?"

"ಹೇಳೋ ಹಾಗಿಲ್ಲ ಅಣ್ಣಾ. ಒಬ್ಬ ಹುಡುಗಂದು."

"ಯಾರ್ದೋ ಬಿಡು. ಚೆನ್ನಾಗಿರ್ಲಿ."

ಅಷ್ಟು ಹೇಳುತ್ತಲೇ ಅವರ ತಲೆ ಮಂಜುಶ್ರೀಯ ಹೆಗಲಿಗೆ ಬಿತ್ತು. ವರಲಕ್ಷ್ಮಮ್ಮ ಅವರ ಗಲ್ಲ ಹಿಡಿದು ಅಲ್ಲಾಡಿಸಿ ಕೂಗುತ್ತಿದ್ದರು. ಆಮೇಲೆ ನಾನು ಹಿಂತಿರುಗಿ ನೋಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಶರತ್ ನಿಂತಿದ್ದರು, ಹಣೆಯಲ್ಲಿ ಪೂಜೆಯ ಕುಂಕುಮ ಹಾಗೇ ಇತ್ತು. ಸ್ಟ್ರೆಚರ್ ಸಿದ್ಧವಾಗಿತ್ತು. ವೆಂಕಟೇಶಪ್ಪನವರನ್ನು ಎತ್ತಿಕೊಂಡು ಓಡಿದರು, ಬಾಗಿಲು ಮುಚ್ಚಿತು.

ಆಮೇಲೆ ಕಾಯುವುದು. ವರಲಕ್ಷ್ಮಮ್ಮ ಒಂದು ಬೆಂಚಿನಲ್ಲಿ, ನಾವು ಎದುರಿನ ಬೆಂಚಿನಲ್ಲಿ. ಕೋಗಿಲಿನಿಂದ ನೆಂಟರು ಬಂದರು, ವಿಷಯ ತಿಳಿದು ಒಬ್ಬ ಮಂಜುಶ್ರೀಯ ಕಡೆ ಕೈ ಎತ್ತಿಕೊಂಡು ಬಂದ. ವರಲಕ್ಷ್ಮಮ್ಮ ಕಣ್ಣಲ್ಲೇ ಅವನನ್ನು ಕೂರಿಸಿದರು. ನಾವು ಹೋಗೋಣ ಎಂದು ನಾನು ಎರಡು ಸಲ ಪಿಸುಗುಟ್ಟಿದೆ. ಮಂಜುಶ್ರೀ ಏಳಲಿಲ್ಲ. ಆ ಬಾಗಿಲನ್ನೇ ನೋಡುತ್ತಿದ್ದಳು. ಅವರು ಸತ್ತರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು, ನಿಜವಾಗಿಯೂ ಭಯವಾಯಿತು.

ಸಂಜೆಗೆ ನರ್ಸ್ ಹೊರಗೆ ಬಂದಳು. ಕಟ್ಟಿದ್ದ ರಕ್ತನಾಳ ಬಿಡಿಸಿದ್ದಾರೆ, ಎಚ್ಚರವಾಗಿದ್ದಾರೆ, ಮನೆಯವರು ಒಬ್ಬೊಬ್ಬರಾಗಿ ನೋಡಬಹುದು ಎಂದಳು. ನೆಂಟರೆಲ್ಲ ಎದ್ದರು. ವರಲಕ್ಷ್ಮಮ್ಮ ಎದ್ದು ನಮ್ಮ ಬೆಂಚಿನ ಹತ್ತಿರ ಬಂದು ಮಂಜುಶ್ರೀಯ ರಟ್ಟೆ ಹಿಡಿದು ಎಬ್ಬಿಸಿದರು. ಇವಳು ಮಗಳಾ ಎಂದು ನರ್ಸ್ ಕೇಳಿದಳು.

"ಮಗಳಲ್ಲ ಕಣಮ್ಮ. ನಮ್ಮ ಯಜಮಾನ್ರುನ್ನ ತಪ್ಪಾಗಿ ಮನೇಗೆ ಕಳ್ಸಿದ್ದೂ ಇವ್ಳೇ, ಉಡ್ಕಂಡು ಬಂದಿದ್ದೂ ಇವ್ಳೇ. ಮೊದ್ಲು ಇವ್ಳು ಓಗ್ಲಿ. ಕಣ್ಣಾರೆ ನೋಡ್ದಿದ್ರೆ ಇವ್ಳಿಗೆ ನಿದ್ದೆ ಬರಾಕಿಲ್ಲ."

ಮಂಜುಶ್ರೀ ಚಪ್ಪಲಿ ಬಿಟ್ಟು ಒಳಗೆ ಹೋದಳು.